ಬರೀ ಒಂದು ಅಲರ್ಟ್ ಬಾಕ್ಸ್

ಟೆಸ್ಟಿಂಗ್‌ಗೆ ಹೊಸ ಆ್ಯಪ್ ಬಂದರೆ ನಾನು ಮೊದಲು ಹುಡುಕುವುದು ಹೆಸರು ಬರೆಯುವ ಜಾಗ. ಎಲ್ಲ ಆ್ಯಪ್‌ನಲ್ಲೂ ಅದಿರುತ್ತೆ, ಯಾರೂ ಅದರ ಕಡೆ ಜಾಸ್ತಿ ಗಮನ ಕೊಡುವುದಿಲ್ಲ. ಈ ಸಲ ಬಂದದ್ದು ಅಪಾರ್ಟ್‌ಮೆಂಟಿನವರು ದೂರು ಕೊಡುವ ಆ್ಯಪ್. ನಲ್ಲಿ ಸೋರುತ್ತಿದೆ, ಲಿಫ್ಟ್ ಕೆಟ್ಟಿದೆ ಅಂತ ಮೊಬೈಲಿನಲ್ಲಿ ಬರೆದರೆ ಆಫೀಸಿನವರು ಕಂಪ್ಯೂಟರಿನಲ್ಲಿ ನೋಡುತ್ತಾರೆ, ಪ್ಲಂಬರ್ ತನ್ನ ಫೋನಿನಲ್ಲಿ ನೋಡುತ್ತಾನೆ.

ಹೆಸರಿಗೆ ಬೋಲ್ಡ್ ಟ್ಯಾಗ್, ಅಂದರೆ ಅಕ್ಷರ ದಪ್ಪ ಮಾಡು ಅಂತ ಬ್ರೌಸರಿಗೆ ಹೇಳುವ ಕೋಡ್, ಸೇರಿಸಿ ಕಳಿಸಲು ಹೋದೆ. ಅಕ್ಷರ ಮಾತ್ರ ಬರೆಯಿರಿ ಅಂದಿತು ಆ್ಯಪ್. ಸರಿ, ಲ್ಯಾಪ್‌ಟಾಪಿನಲ್ಲಿ ಪ್ರಾಕ್ಸಿ ಹಾಕಿ, ಫೋನಿನಿಂದ ಹೊರಟ ಮಾಹಿತಿಯನ್ನು ದಾರಿಯಲ್ಲೇ ಹಿಡಿದು, ಟ್ಯಾಗ್ ಸೇರಿಸಿ ಮುಂದಕ್ಕೆ ಬಿಟ್ಟೆ. ಸರ್ವರ್ ತಕರಾರಿಲ್ಲದೆ ತಗೊಂಡಿತು. ಆಫೀಸಿನ ಪುಟ ತೆರೆದರೆ ಪಟ್ಟಿಯಲ್ಲಿ ಎಲ್ಲರ ಹೆಸರೂ ಮಾಮೂಲಾಗಿದೆ, ನನ್ನದೊಂದು ಮಾತ್ರ ದಪ್ಪಗಿದೆ. ಅಷ್ಟು ಸಾಕು. ಬ್ರೌಸರ್ ನನ್ನ ಹೆಸರನ್ನು ಹೆಸರು ಅಂತ ಓದಿರಲಿಲ್ಲ, ಕೋಡ್ ಅಂತ ಓದಿತ್ತು.

ಆಮೇಲೆ ಜಾವಾಸ್ಕ್ರಿಪ್ಟ್ ಓಡಿಸುವ ಸ್ಕ್ರಿಪ್ಟ್ ಟ್ಯಾಗ್ ಹಾಕಿದೆ. ಏನೂ ಆಗಲಿಲ್ಲ. ಬರೆದದ್ದನ್ನು ಕೋಡ್ ಅಂತಲೇ ಪುಟಕ್ಕೆ ಸೇರಿಸುವ ಇನ್ನರ್‌ಎಚ್‌ಟಿಎಂಎಲ್ ಬಳಸಿ ತುಂಬಿದ ಸ್ಕ್ರಿಪ್ಟ್ ಟ್ಯಾಗನ್ನು ಬ್ರೌಸರ್ ಓಡಿಸುವುದಿಲ್ಲ. ಎಷ್ಟೋ ಜನ ಇಲ್ಲಿಗೇ ಎಲ್ಲ ಸರಿಯಿದೆ ಅಂದುಕೊಂಡು ಎದ್ದುಬಿಡುತ್ತಾರೆ. ನಾನು ಎಲ್ಲೂ ಇಲ್ಲದ ಚಿತ್ರವೊಂದಕ್ಕೆ ಇಮೇಜ್ ಟ್ಯಾಗ್ ಬರೆದು, ಚಿತ್ರ ಸಿಗದಿದ್ದರೆ ಅಲರ್ಟ್, ಅಂದರೆ ಸಂದೇಶದ ಒಂದು ಬಾಕ್ಸ್, ತೋರಿಸು ಅಂತ ಆನ್‌ಎರರ್‌ನಲ್ಲಿ ಹೇಳಿದೆ. ಪುಟ ತೆರೆದ ತಕ್ಷಣ ಅಲರ್ಟ್ ಬಾಕ್ಸ್ ಎದ್ದು ನಿಂತಿತು. ಯಾರೋ ಬರೆದದ್ದು ಹೀಗೆ ಪುಟದಲ್ಲಿ ಕೋಡ್ ಆಗಿ ಓಡುವುದಕ್ಕೆ ಕ್ರಾಸ್ ಸೈಟ್ ಸ್ಕ್ರಿಪ್ಟಿಂಗ್, ಚಿಕ್ಕದಾಗಿ ಎಕ್ಸ್‌ಎಸ್‌ಎಸ್, ಅನ್ನುತ್ತಾರೆ.

ಡೆವಲಪರ್ ಹುಡುಗ ಬಂದು ನೋಡಿ ನಕ್ಕ. "ಬರೀ ಒಂದು ಬಾಕ್ಸ್ ತಾನೆ ಮೇಡಂ? ಓಕೆ ಒತ್ತಿದ್ರೆ ಹೋಗತ್ತೆ."

"ಕಳ್ಳ ಮನೆಯೊಳಗೆ ನಿಂತು ಕೆಮ್ಮಿದ್ದಾನೆ ಕಣಪ್ಪ. ಕೆಮ್ಮು ತಾನೆ ಅಂತೀಯಾ?"

ಸ್ಯಾಮಿ ಕಮ್ಕಾರ್ ಕಥೆ ಹೇಳಿದೆ. 2005ರ ಅಕ್ಟೋಬರಿನಲ್ಲಿ ಅವನು ಮೈಸ್ಪೇಸ್ ಅನ್ನೋ ಸೋಶಿಯಲ್ ಮೀಡಿಯಾ ಸೈಟಿನ ತನ್ನ ಪ್ರೊಫೈಲಿನಲ್ಲಿ ಇಂಥದೇ ಕೋಡ್ ಬಚ್ಚಿಟ್ಟಿದ್ದ. ಪ್ರೊಫೈಲ್ ನೋಡಿದವರ ಖಾತೆಯಿಂದ ಅವರಿಗೇ ಗೊತ್ತಿಲ್ಲದೆ ಸ್ಯಾಮಿಗೆ ಫ್ರೆಂಡ್ ರಿಕ್ವೆಸ್ಟ್ ಹೋಗುತ್ತಿತ್ತು. ಕೋಡ್ ಅವರ ಪ್ರೊಫೈಲಿಗೂ ಅಂಟಿಕೊಳ್ಳುತ್ತಿತ್ತು. ಒಂದು ದಿನ ತುಂಬುವುದರೊಳಗೆ ಹತ್ತು ಲಕ್ಷ ಖಾತೆ ದಾಟಿತು.

"ಅದು ಹಳೇದಾಯ್ತು. ಈಗ ಕ್ರೋಮ್ ತಡೆಯಲ್ವಾ?"

ಈ ನಂಬಿಕೆ ಮಾತ್ರ ಹೋಗುವುದೇ ಇಲ್ಲ. ಕ್ರೋಮ್‌ನಲ್ಲಿ ಎಕ್ಸ್‌ಎಸ್‌ಎಸ್ ಆಡಿಟರ್ ಅಂತ ಇಂಥ ಕೋಡ್ ತಡೆಯಲು ಒಂದಿತ್ತು ನಿಜ. 2019ರಲ್ಲಿ 78ನೇ ಆವೃತ್ತಿಯಿಂದ ಅದನ್ನು ತೆಗೆದುಹಾಕಿದರು. ಇದ್ದಾಗಲೂ ಅದು ನೋಡುತ್ತಿದ್ದದ್ದು ಬ್ರೌಸರ್ ಕಳಿಸಿದ್ದೇ ಪುಟದಲ್ಲಿ ವಾಪಸ್ ಬರುತ್ತಿದೆಯಾ ಅಂತ. ಡೇಟಾಬೇಸಿನಲ್ಲಿ ಕೂತಿದ್ದು ಎದ್ದು ಬಂದರೆ ಅದಕ್ಕೆ ತಿಳಿಯುತ್ತಿರಲಿಲ್ಲ. ಇನ್ನು ಬ್ರೌಸರಿನದ್ದೇ ಲೋಪ ಇರಬಹುದಲ್ಲ? 2014ರಲ್ಲಿ ಪಾಕಿಸ್ತಾನದ ಸೆಕ್ಯುರಿಟಿ ಸಂಶೋಧಕ ರಫಾಯ್ ಬಲೋಚ್ ಹಳೇ ಆ್ಯಂಡ್ರಾಯ್ಡ್ ಬ್ರೌಸರಿನಲ್ಲಿ ಅಂಥದೊಂದನ್ನು ತೋರಿಸಿದರು. ಒಂದು ಸೈಟಿನ ಕೋಡ್ ಇನ್ನೊಂದು ಸೈಟಿನ ಪುಟವನ್ನು ಓದಬಹುದಿತ್ತು, ಆ ಸೈಟಿನವರು ಎಷ್ಟೇ ಸರಿಯಾಗಿ ಬರೆದಿದ್ದರೂ ಸರಿ.

ಮಾತು ಸಾಕು ಅನ್ನಿಸಿತು. ಅಲರ್ಟ್ ತೆಗೆದು, ಕುಕಿಯನ್ನು, ಅಂದರೆ ಯಾರು ಲಾಗಿನ್ ಆಗಿದ್ದಾರೆ ಅಂತ ಸರ್ವರಿಗೆ ಹೇಳುವ ಗುರುತನ್ನು, ನನ್ನ ಲ್ಯಾಪ್‌ಟಾಪಿಗೆ ಕಳಿಸುವ ಸಾಲು ಬರೆದೆ. ಟೆಸ್ಟ್ ಸರ್ವರಿನಲ್ಲಿ ಅವನೇ ಅಡ್ಮಿನ್ ಆಗಿ ಲಾಗಿನ್ ಆಗಿ ದೂರಿನ ಪಟ್ಟಿ ತೆರೆದ. ಈ ಸಲ ಯಾವ ಬಾಕ್ಸೂ ಬರಲಿಲ್ಲ. ಜಾವಾಸ್ಕ್ರಿಪ್ಟ್ ಕುಕಿಯನ್ನು ಓದದಂತೆ ತಡೆಯುವ ಎಚ್‌ಟಿಟಿಪಿಓನ್ಲಿ ಹಾಕಿರಲಿಲ್ಲವಾದ್ದರಿಂದ ಕುಕಿ ಸೀದಾ ನನ್ನ ಕೈಗೆ ಬಂತು. ಅದನ್ನು ಬೇರೆ ಬ್ರೌಸರಿಗೆ ಹಾಕಿದೆ. ಪಾಸ್‌ವರ್ಡ್ ಕೇಳದೆ ಅಡ್ಮಿನ್ ಪುಟ ತೆರೆಯಿತು, ಮೇಲೆ ಬಲಗಡೆ ಅವನದೇ ಹೆಸರು. ಹುಡುಗ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ.

ಪ್ಲಂಬರ್ ಫೋನಿನ ಕಥೆ ಇನ್ನೂ ಕೆಟ್ಟದ್ದು. ಆ ಆ್ಯಪ್‌ನೊಳಗೆ ಇದ್ದದ್ದು ವೆಬ್‌ವ್ಯೂ, ಅಂದರೆ ಅದೇ ವೆಬ್ ಪುಟ, ಅಡ್ರೆಸ್ ಬಾರ್ ಇಲ್ಲ ಅಷ್ಟೆ. ಪುಟದ ಜಾವಾಸ್ಕ್ರಿಪ್ಟ್ ಫೋನಿನ ಜೊತೆ ಮಾತಾಡಲಿ ಅಂತ ಸೇತುವೆಯನ್ನೂ ಕಟ್ಟಿದ್ದರು. ಆ್ಯಂಡ್ರಾಯ್ಡ್ 4.2ರಿಂದ ಈಚೆಗೆ ಡೆವಲಪರ್ ಗುರುತು ಹಾಕಿದ ಫಂಕ್ಷನ್ ಮಾತ್ರ ಆ ಕಡೆಗೆ ಸಿಗುತ್ತೆ. ಇವರು ಲೊಕೇಶನ್ ಕೊಡುವ ಫಂಕ್ಷನ್‌ಗೆ ಗುರುತು ಹಾಕಿದ್ದರು. ದೂರು ಕೊಟ್ಟವರ ಹೆಸರಿನಲ್ಲಿ ಕೂತ ಕೋಡ್ ಪ್ಲಂಬರ್ ಎಲ್ಲಿದ್ದಾನೆ ಅಂತ ಕೇಳಿ ತಿಳಿದುಕೊಳ್ಳಬಹುದಿತ್ತು!

"ಟ್ಯಾಗ್ ಶುರುವಾಗೋ < ಚಿಹ್ನೆಯನ್ನೇ ಎಲ್ಲ ಕಡೆ ಕಿತ್ತುಹಾಕ್ಲಾ ಮೇಡಂ?" ಅಂದ. ಬೇಡ ಅಂದೆ. ಬರೆದವರು ಏನು ಬೇಕಾದರೂ ಬರೆಯಲಿ, ತೋರಿಸುವಾಗ ಅಕ್ಷರವಾಗಿಯೇ ತೋರಿಸಬೇಕು. ಇನ್ನರ್‌ಎಚ್‌ಟಿಎಂಎಲ್ ಇದ್ದ ಕಡೆ ಟೆಕ್ಸ್ಟ್‌ಕಂಟೆಂಟ್ ಬಂತು. ಕುಕಿಗೆ ಎಚ್‌ಟಿಟಿಪಿಓನ್ಲಿ, ಪುಟಕ್ಕೆ ಯಾವ ಕೋಡ್ ಓಡಬಹುದು ಅಂತ ಬ್ರೌಸರಿಗೆ ಹೇಳುವ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ. ಸೇತುವೆಯಿಂದ ಲೊಕೇಶನ್ ಹೋಯಿತು.

ಸಂಜೆ ಮನೆಗೆ ಹೊರಡುವ ಹೊತ್ತಿಗೆ ಅವನ ಮೆಸೇಜ್: "ಮೇಡಂ, ದೂರಿಗೆ ಫೋಟೋ ಹಾಕ್ತಾರಲ್ಲ, ಆ ಫೈಲಿನ ಹೆಸರಲ್ಲೂ ಬಾಕ್ಸ್ ಬಂತು. ನಾನೇ ಹಿಡಿದೆ."