ತಮಾ, ಕ್ಯಾಮೆರಾ ಎಲ್ಲಿದ್ದು?

1986ರ ಜುಲೈ, ಒಂದು ಶನಿವಾರ. ಶಿರಸಿಯ ಮಳೆ ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ, ಮಧ್ಯಾಹ್ನ ಮೂರಕ್ಕೇ ಕತ್ತಲು. ಸಿನಿಮಾ ತೋರಿಸಲು ನಮಗೆ ಅದೇ ಬೇಕಿತ್ತು. ನಮ್ಮ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ, ಗೋಡೆಗೆ ಹಾಸ್ಟೆಲ್ಲಿನ ಎರಡು ಬಿಳಿ ಬೆಡ್‌ಶೀಟ್ ಹೊಲಿದು ಹೊಡೆದಿದ್ದೆವು. ಮೇಜಿನ ಮೇಲೆ 16 ಎಂ.ಎಂ. ಪ್ರೊಜೆಕ್ಟರ್. ಪಕ್ಕದಲ್ಲಿ ಹಿಂದಿನ ದಿನ ಬಸ್ಸಿನಲ್ಲಿ ಬಂದಿದ್ದ ಮೂರು ತಗಡಿನ ಡಬ್ಬಿ.

ಸರ್ ಪಾಠ ಮಾಡುತ್ತಿದ್ದದ್ದು ಭೌತಶಾಸ್ತ್ರ. ಆದರೆ ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆ ನಡೆಸುತ್ತಿದ್ದ ಚಿತ್ರ ರಸಗ್ರಹಣ ಶಿಬಿರಕ್ಕೆ ಹೋಗಿ ಬಂದ ಮೇಲೆ ಅವರಿಗೆ ಸಿನಿಮಾದ ಹುಚ್ಚು ಹಿಡಿದಿತ್ತು. ಪ್ರೊಜೆಕ್ಟರಿಗೆ ಫಿಲ್ಮ್ ಏರಿಸುವ ಕೆಲಸ ನನ್ನದು. ಬಲ್ಬಿನ ಬೆಳಕು ಫಿಲ್ಮಿಗೆ ಬೀಳುವ ಕಿಂಡಿಗೆ ಗೇಟ್ ಅನ್ನುತ್ತಾರೆ. ಅದರ ಮೇಲೂ ಕೆಳಗೂ ಫಿಲ್ಮನ್ನು ಒಂದಿಷ್ಟು ಸಡಿಲ ಬಿಡಬೇಕು. ಅದೇ ಲೂಪ್. ಗೇಟಿನಲ್ಲಿ ಫಿಲ್ಮ್ ಸೆಕೆಂಡಿಗೆ 24 ಸಲ ನಿಂತು ನಿಂತು ಇಳಿಯುತ್ತದೆ. ಆದರೆ ಧ್ವನಿ ಓದುವ ಜಾಗದಲ್ಲಿ ಒಂದೇ ಸಮನೆ ಓಡಬೇಕು. ನಡುವಿನ ಆ ಜಗ್ಗಾಟವನ್ನು ತಡೆದುಕೊಳ್ಳುವುದೇ ಲೂಪ್. ಅದು ಕಮ್ಮಿಯಾದರೆ ಚಿತ್ರ ಗಡಗಡ ನಡುಗುತ್ತದೆ. ಸರ್ ಒಂದೇ ಸಲ ತೋರಿಸಿಕೊಟ್ಟರು, ಆಮೇಲೆ ನನ್ನ ಕೈಗೆ ಬಿಟ್ಟರು.

ಅವತ್ತಿನ ಸಿನಿಮಾ ‘ದಿ ಕ್ರೇನ್ಸ್ ಆರ್ ಫ್ಲೈಯಿಂಗ್’, ಅಂದರೆ ಕ್ರೌಂಚಪಕ್ಷಿಗಳು ಹಾರುತ್ತಿವೆ. 1957ರ ರಷ್ಯನ್ ಚಿತ್ರ. ನಿರ್ದೇಶಕ ಮಿಖಾಯಿಲ್ ಕಲತೊಝೋವ್, ಕ್ಯಾಮೆರಾ ಸೆರ್ಗೆಯ್ ಉರುಸೆವ್‌ಸ್ಕಿ. 1958ರಲ್ಲಿ ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಪಡೆದದ್ದು. ಯುದ್ಧದ ಸಿನಿಮಾ ಅಂದಿದ್ದಕ್ಕೆ ಲ್ಯಾಬ್ ತುಂಬಿತ್ತು. ಆದರೆ ಯುದ್ಧರಂಗ ಬರುವುದು ಕೆಲವೇ ನಿಮಿಷ. ಉಳಿದದ್ದೆಲ್ಲ ಮನೆಯಲ್ಲಿ ಉಳಿದವರ ಕಥೆ. ವೆರೊನಿಕಾ ಎಂಬ ಹುಡುಗಿ, ಅವಳ ಬೋರಿಸ್. ಅವನು ಯುದ್ಧಕ್ಕೆ ಹೋಗುತ್ತಾನೆ, ಪತ್ರ ಬರುವುದಿಲ್ಲ.

ಶುರುವಿನಲ್ಲೇ ಒಂದು ಮೆಟ್ಟಿಲು ಬರುತ್ತದೆ. ಬೆಳಗಿನ ಜಾವ ಅವಳನ್ನು ಮನೆಗೆ ಬಿಟ್ಟ ಬೋರಿಸ್, ಮತ್ತೆ ಯಾವಾಗ ಸಿಗುವುದು ಅಂತ ಕೇಳಲು ಅವಳ ಹಿಂದೆ ಮೆಟ್ಟಿಲು ಹತ್ತಿ ಓಡುತ್ತಾನೆ. ಮೆಟ್ಟಿಲುಗಳು ಸುತ್ತುವ ನಡುವಿನ ಜಾಗದಲ್ಲಿ ಕ್ಯಾಮೆರಾವೂ ಸುತ್ತುತ್ತ ಸುತ್ತುತ್ತ ಅವನ ಜೊತೆಗೇ ಮೇಲೇರುತ್ತದೆ. ನಾವು ಉಸಿರು ಬಿಗಿಹಿಡಿದಿದ್ದೆವು. ಸರಿಯಾಗಿ ಆಗಲೇ ಕರೆಂಟ್ ಹೋಯಿತು.

ಕತ್ತಲಲ್ಲಿ ಸರ್ ಧ್ವನಿ ಕೇಳಿತು. ತರಗತಿಯಲ್ಲಿ ಪುಸ್ತಕದ ಕನ್ನಡ ಮಾತಾಡುವವರು ಆಗ ಮಾತ್ರ ಮನೆಮಾತಿಗೆ ಇಳಿದಿದ್ದರು. “ತಮಾ, ಕ್ಯಾಮೆರಾ ಎಲ್ಲಿದ್ದು?” ತಮ್ಮಾ, ಕ್ಯಾಮೆರಾ ಎಲ್ಲಿದೆ ಅಂತ.

ಯಾರಿಗೂ ಗೊತ್ತಾಗಲಿಲ್ಲ. ಅಲ್ಲಿಯವರೆಗೆ ಸಿನಿಮಾದಲ್ಲಿ ಕ್ಯಾಮೆರಾ ಅಂತ ಒಂದಿರುತ್ತದೆ ಎಂದೇ ನಾವು ಯೋಚಿಸಿರಲಿಲ್ಲ, ಅಲ್ವಾ? ಮುಕ್ಕಾಲು ಗಂಟೆ ಕರೆಂಟ್ ಬರಲಿಲ್ಲ. ಒಬ್ಬರೂ ಎದ್ದು ಹೋಗಲಿಲ್ಲ. ಸರ್ ಟಾರ್ಚ್ ಹಿಡಿದು ನಮ್ಮನ್ನೆಲ್ಲ ಕಾಲೇಜಿನ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದರು. ಒಬ್ಬನನ್ನು ಓಡಿ ಹತ್ತು ಅಂದರು. ಟಾರ್ಚಿನ ಬೆಳಕು ಅವನ ಮುಖ ಬಿಡದಂತೆ ಹಿಂಬಾಲಿಸಬೇಕಾದರೆ ನಾವು ಎಲ್ಲಿರಬೇಕು, ಎಷ್ಟು ಬೇಗ ತಿರುಗಬೇಕು ಅಂತ ಒಬ್ಬೊಬ್ಬರಿಂದಲೂ ಮಾಡಿಸಿದರು. ಕರೆಂಟ್ ಬಂದ ಮೇಲೆ ಆ ಮೆಟ್ಟಿಲನ್ನು ಮತ್ತೆ ನೋಡಿದೆವು.

ಯಾಕೆ ಅಷ್ಟು ಕಷ್ಟಪಟ್ಟು ತೆಗೆದರು ಅನ್ನುವುದು ಆಮೇಲೆ ತಿಳಿಯಿತು. ಬರ್ಚ್ ಮರಗಳ ಜೌಗು ಕಾಡಿನಲ್ಲಿ, ಗಾಯಗೊಂಡ ಜೊತೆಗಾರನನ್ನು ಹೊತ್ತು ತರುವಾಗ ಬೋರಿಸ್‌ಗೆ ಗುಂಡು ತಾಗುತ್ತದೆ. ಅವನು ಮರ ಹಿಡಿದುಕೊಂಡು ಮೇಲೆ ನೋಡುತ್ತಾನೆ. ಮರದ ತುದಿಗಳು ತಿರುಗತೊಡಗುತ್ತವೆ. ಆ ತಿರುಗಾಟದ ಒಳಗೇ ಮತ್ತೆ ಅದೇ ಮೆಟ್ಟಿಲು, ನಡೆಯದೇ ಹೋದ ಮದುವೆ. ಮೊದಲ ಸಲದ ಮೆಟ್ಟಿಲು ಬರಿಯ ಖುಷಿ. ಎರಡನೆಯ ಸಲ ನೋಡಲಾಗುವುದಿಲ್ಲ. ಲ್ಯಾಬಿನಲ್ಲಿ ಪ್ರೊಜೆಕ್ಟರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಉರುಸೆವ್‌ಸ್ಕಿ ಎರಡನೆಯ ಮಹಾಯುದ್ಧದಲ್ಲಿ ಯುದ್ಧರಂಗದಲ್ಲೇ ಕ್ಯಾಮೆರಾ ಹಿಡಿದವರು ಅಂತ ಸರ್ ಹೇಳಿದರು. ಸ್ಟ್ಯಾಂಡ್ ಇಟ್ಟು, ಬೆಳಕು ಹೊಂದಿಸಿ ತೆಗೆಯುವ ಪುರುಸೊತ್ತು ಅಲ್ಲೆಲ್ಲಿ? ಈ ಚಿತ್ರದಲ್ಲಿ ಕ್ಯಾಮೆರಾ ಜನರ ಜೊತೆಗೇ ಓಡುವುದು, ಎಡವಿದಂತೆ ಅಲುಗುವುದು ಅದಕ್ಕೇ ಇರಬೇಕು. ನನಗೆ ಹಾಗನ್ನಿಸುತ್ತದೆ.

ಆ ಸೋಮವಾರ ಸರ್ ನಮಗೆಲ್ಲ ಒಂದೊಂದು ಖಾಲಿ ಬೆಂಕಿಪೊಟ್ಟಣ ಕೊಟ್ಟರು. ಕಡ್ಡಿ ತುಂಬುವ ಒಳಗಿನ ಪೆಟ್ಟಿಗೆಯ ತಳವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಬೇಕು. ಉಳಿಯುವ ಚೌಕಟ್ಟಿನ ಉದ್ದ ಅಗಲ, ಆ ಚಿತ್ರದ ಪರದೆಯ ಅಳತೆಗೆ ಹತ್ತಿರ ಹತ್ತಿರ ಸರಿ. ಒಂದು ವಾರ ಇದರೊಳಗಿಂದಲೇ ನೋಡಿ ಅಂದರು.

ನಾನು ಊರಿಗೆ ಹೋದಾಗ ತೋಟದಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯುತ್ತಿದ್ದರು. ಅಡಿಕೆಮರ ಹತ್ತುವ ಕೆಲಸದ ಕೊನೆಗೌಡ ಮರದ ತುದಿಯಲ್ಲಿ ಕೂತು, ಮರವನ್ನು ಜಗ್ಗಿ ಪಕ್ಕದ ಮರಕ್ಕೆ ದಾಟುತ್ತಿದ್ದ. ಚೌಕಟ್ಟನ್ನು ಕಣ್ಣಿಗಿಟ್ಟು ಮೇಲೆ ನೋಡುತ್ತ ನಿಧಾನ ಒಂದು ಸುತ್ತು ತಿರುಗಿದೆ. ಅಡಿಕೆಮರದ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. ಹನಿ ಕಣ್ಣಿಗೆ ಬಿತ್ತು. ಹುಟ್ಟಿದಾಗಿನಿಂದ ಓಡಾಡಿದ ತೋಟ. ಬೋರಿಸ್ ಕಡೆಯದಾಗಿ ನೋಡಿದ್ದು ಏನು ಅಂತ ನನಗೆ ಗೊತ್ತಾಗಿದ್ದು ಅಲ್ಲಿ ನಿಂತಾಗ.

ಇನ್ನೊಂದು ದೃಶ್ಯ ಹೇಳದೆ ಮುಂದೆ ಹೋಗಲಾರೆ. ಬೋರಿಸ್ ಹೊರಡುವ ದಿನ ವೆರೊನಿಕಾ ಬಸ್ಸಿನಲ್ಲಿ ಬರುತ್ತಾಳೆ. ಬಸ್ ಮುಂದೆ ಹೋಗುವುದಿಲ್ಲ. ಇಳಿದು ಜನರನ್ನು ನೂಕಿಕೊಂಡು ಓಡುತ್ತಾಳೆ. ಕ್ಯಾಮೆರಾ ಬಸ್ಸಿನ ಒಳಗೆ ಅವಳ ಪಕ್ಕದಲ್ಲಿತ್ತು. ಅವಳ ಜೊತೆಗೇ ಇಳಿಯುತ್ತದೆ, ಜನರ ನಡುವೆ ನುಗ್ಗುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಮೇಲೆದ್ದು, ಟ್ಯಾಂಕುಗಳ ನಡುವೆ ಓಡುವ ಅವಳನ್ನು ಎತ್ತರದಿಂದ ತೋರಿಸುತ್ತದೆ. ನಡುವೆ ಒಂದೂ ಕತ್ತರಿ ಇಲ್ಲ. ಕೈಯಲ್ಲಿ ಕ್ಯಾಮೆರಾ ಹಿಡಿದವನು ನಡೆಯುತ್ತ ಬಂದು ಕ್ರೇನ್ ಏರಿಬಿಟ್ಟಿದ್ದಾನೆ! ಬೋರಿಸ್ ಅವಳಿಗೆ ಸಿಗುವುದಿಲ್ಲ. ಅವಳು ಎಸೆದ ಬಿಸ್ಕತ್ತಿನ ಪೊಟ್ಟಣ ಒಡೆದು, ಸಾಲಾಗಿ ಹೊರಟವರ ಬೂಟುಗಳ ಅಡಿ ಪುಡಿಯಾಗುತ್ತದೆ.

ಎರಡು ವರ್ಷದ ನಂತರ ನಮ್ಮ ಬ್ಯಾಚಿನ ಒಬ್ಬ ಸೈನ್ಯಕ್ಕೆ ಸೇರಿದ. ಅವನನ್ನು ಕಳಿಸಲು ಹುಬ್ಬಳ್ಳಿ ಸ್ಟೇಷನ್ನಿಗೆ ಹೋಗಿದ್ದೆ. ನಮ್ಮ ಬಸ್ ತಡವಾಗಿತ್ತು, ರೈಲು ಹೊರಟಿತ್ತು. ಕಿಟಕಿ ಕಿಟಕಿಯಲ್ಲೂ ತಲೆಗಳು. ಅವನ ಅಮ್ಮ ಕೊಟ್ಟ ಚಕ್ಕುಲಿಯ ಚೀಲ ನನ್ನ ಕೈಯಲ್ಲಿ. ಕೊನೆಗೂ ಒಂದು ಕೈ ಚಾಚಿ ಅದನ್ನು ಹಿಡಿದುಕೊಂಡಿತು. ಅವನದೇ ಕೈ. ಅವನು ಈಗ ನಿವೃತ್ತನಾಗಿ ಊರಲ್ಲೇ ಇದ್ದಾನೆ.

ಸರ್ ಹೋಗಿ ಆರು ವರ್ಷ ಆಯಿತು. ಕೊನೆಯ ಸಲ ಸಿಕ್ಕಾಗ ಸೋಂದಾದ ಮುಂಡಿಗೆಕೆರೆಗೆ ಕರೆದುಕೊಂಡು ಹೋಗಿದ್ದೆ, ಬೆಳ್ಳಕ್ಕಿ ನೋಡಲು. ಆ ಸಿನಿಮಾದ ಮೊದಲಲ್ಲೂ ಕೊನೆಯಲ್ಲೂ ಆಕಾಶದಲ್ಲಿ ಕ್ರೌಂಚಪಕ್ಷಿಗಳ ಸಾಲು ಹಾರುತ್ತದೆ. ಸಂಜೆ ಬೆಳ್ಳಕ್ಕಿಗಳು ಗುಂಪಾಗಿ ಮರಳುವಾಗ ಸರ್ ಎರಡೂ ಕೈಯ ಹೆಬ್ಬೆರಳು ತೋರುಬೆರಳು ಸೇರಿಸಿ ಚೌಕಟ್ಟು ಮಾಡಿ ತುಂಬಾ ಹೊತ್ತು ನೋಡುತ್ತ ನಿಂತಿದ್ದರು.

ಆ ಪ್ರೊಜೆಕ್ಟರ್ ಇನ್ನೂ ಲ್ಯಾಬಿನ ಕಪಾಟಿನಲ್ಲಿದೆ ಅಂತ ಕೇಳಿದೆ. ಕಾಲೇಜಿನವರು ದಯವಿಟ್ಟು ಗುಜರಿಗೆ ಹಾಕಬೇಡಿ. ಬೆಲ್ಟ್ ಹೋಗಿರುತ್ತದೆ, ಬಲ್ಬ್ ಹುಡುಕಬೇಕಾಗುತ್ತದೆ. ಒಂದು ಶನಿವಾರ ಹೇಳಿ, ಬರುತ್ತೇನೆ. ಲೂಪ್ ಎಷ್ಟು ಬಿಡಬೇಕು ಅಂತ ನನ್ನ ಬೆರಳಿಗೆ ಇನ್ನೂ ನೆನಪಿದೆ.