ರೆಫರ್ ಚೀಟಿಯಲ್ಲಿ ಗಂಟೆ ಬರೆಸಿ

ಮಲೆನಾಡಿನ ತಾಲ್ಲೂಕು ಆಸ್ಪತ್ರೆಗಳಿಂದ ರಾತ್ರಿ ಹೊತ್ತು ಶಿವಮೊಗ್ಗಕ್ಕೆ ಹೊರಡುವ ರೋಗಿಯ ಕಡೆಯವರ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಬಹಳ ಸಲ ಅದರಲ್ಲಿ ಇರುವುದು ಹೆಸರು, ವಯಸ್ಸು, ‘ರೆಫರ್ಡ್ ಟು ಹೈಯರ್ ಸೆಂಟರ್’ ಎಂಬ ಒಂದು ಸಾಲು, ಮತ್ತು ಯಾರದೆಂದು ತಿಳಿಯದ ಒಂದು ಸಹಿ ಮಾತ್ರ. ರೋಗಿ ಎಷ್ಟು ಗಂಟೆಗೆ ಬಂದರು, ಡಾಕ್ಟರು ಎಷ್ಟು ಗಂಟೆಗೆ ನೋಡಿದರು, ಆಗ ಬಿಪಿ ಎಷ್ಟಿತ್ತು, ಯಾವ ಇಂಜೆಕ್ಷನ್ ಕೊಟ್ಟರು, ಏನು ಇಲ್ಲವೆಂದು ಕಳಿಸುತ್ತಿದ್ದಾರೆ ಎಂಬುದು ಯಾವುದೂ ಇರುವುದಿಲ್ಲ. ಮುಂದೆ ಏನಾದರೂ ಆದರೆ ತಾಲ್ಲೂಕಿನವರು ‘ಇಲ್ಲಿಂದ ಹೋಗುವಾಗ ಚೆನ್ನಾಗೇ ಇದ್ದರು’ ಅನ್ನುತ್ತಾರೆ, ಜಿಲ್ಲಾ ಆಸ್ಪತ್ರೆಯವರು ‘ತಂದಿದ್ದೇ ಕೊನೇ ಗಳಿಗೆಯಲ್ಲಿ’ ಅನ್ನುತ್ತಾರೆ. ನಿರ್ಲಕ್ಷ್ಯ ಆಯಿತೆಂದು ಗೇಟಿನ ಮುಂದೆ ಎಷ್ಟು ಕೂಗಾಡಿದರೂ ಜವಾಬ್ದಾರಿ ಯಾರ ತಲೆಗೂ ಬರದೆ ಹೋಗುವುದಕ್ಕೆ ದೊಡ್ಡ ಕಾರಣ ಈ ಖಾಲಿ ಚೀಟಿ.

ಬಯಲುಸೀಮೆಗಿಂತ ನಮ್ಮ ಕಡೆ ಇದು ಯಾಕೆ ಹೆಚ್ಚು ಕಾಡುತ್ತದೆ ಅಂದರೆ, ದಾರಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ., ಸಾಗರದಿಂದ 70ರ ಮೇಲೆ, ಆಗುಂಬೆಯಿಂದ 90ರ ಹತ್ತಿರ. ಮಳೆಗಾಲದ ರಾತ್ರಿ ಮರ ಬಿದ್ದು, ಮಂಜು ಕವಿದು, ಒಂದೂವರೆ ಗಂಟೆಯ ದಾರಿ ಎರಡೂವರೆ ಆಗುತ್ತದೆ. ಶರಾವತಿ ಹಿನ್ನೀರಿನಾಚೆಯ ತುಮರಿ ಸೀಮೆಯವರಿಗಂತೂ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವ ತನಕ, ಕತ್ತಲಾದ ಮೇಲೆ ಲಾಂಚ್ ಇಲ್ಲದೆ ಸಾಗರ ಮುಟ್ಟುವುದೇ ಸಾಹಸವಾಗಿತ್ತು. ಇಂಥ ಕಡೆ ‘ಕಳಿಸಿಬಿಡಿ’ ಅನ್ನುವುದೂ ಒಂದು ಚಿಕಿತ್ಸಾ ನಿರ್ಧಾರ. ಅದಕ್ಕೂ ಕಾರಣ ಬೇಕು, ತಯಾರಿ ಬೇಕು.

ಹಾವು ಕಡಿತವನ್ನೇ ತೆಗೆದುಕೊಳ್ಳಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ವಿಷನಿವಾರಕ ಔಷಧ ಒಂದೇ, ಎಎಸ್‌ವಿ. ವಿಷ ಏರಿರುವ ಲಕ್ಷಣ ಕಂಡರೆ ಮೊದಲ ಡೋಸು 10 ವಯಲ್ (ಚಿಕ್ಕ ಔಷಧ ಸೀಸೆ). ಒಂದೊಂದನ್ನೂ 10 ಎಂ.ಎಲ್. ದ್ರವದಲ್ಲಿ ಕರಗಿಸಿ, ಸಲೈನಿಗೆ ಸೇರಿಸಿ, ಸುಮಾರು ಒಂದು ಗಂಟೆಯೊಳಗೆ ಹರಿಸಬೇಕು. ಮಕ್ಕಳಿಗೂ ಅಷ್ಟೇ ವಯಲ್, ಯಾಕೆಂದರೆ ಹಾವು ಬಿಟ್ಟ ವಿಷ ಮೈತೂಕ ನೋಡಿ ಕಡಿಮೆಯಾಗುವುದಿಲ್ಲ. ಮಗುವಿಗೆ ಕಡಿಮೆ ಮಾಡುವುದು ಸಲೈನನ್ನು ಮಾತ್ರ. ಅಲರ್ಜಿಗೆಂದು ಮೊದಲು ಚರ್ಮದ ಮೇಲೆ ಟೆಸ್ಟ್ ಡೋಸ್ ಕೊಡುವ ಹಳೆಯ ಪದ್ಧತಿಯನ್ನು ಮಾರ್ಗಸೂಚಿಗಳು ಕೈಬಿಟ್ಟಿವೆ. ಅದರಿಂದ ಏನೂ ತಿಳಿಯುವುದಿಲ್ಲ, ಸಮಯ ಮಾತ್ರ ಹೋಗುತ್ತದೆ. ರಿಯಾಕ್ಷನ್ ಆದರೆ ಕೊಡಲು ದೊಡ್ಡವರಿಗೆ ಅಡ್ರಿನಲಿನ್ 0.5 ಎಂ.ಜಿ. ಸಿರಿಂಜಿನಲ್ಲಿ ತುಂಬಿ ಪಕ್ಕದಲ್ಲಿಟ್ಟುಕೊಂಡಿರಬೇಕು. ಇದಿಷ್ಟಕ್ಕೂ ಐಸಿಯು ಬೇಡ, ತಜ್ಞ ವೈದ್ಯರೂ ಬೇಡ. ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರು, ಒಬ್ಬರು ಶುಶ್ರೂಷಾಧಿಕಾರಿ ಇದ್ದರೆ ಸಾಕು.

ಎಡವುವುದು ಎಲ್ಲಿ? ಮೊದಲನೆಯದು, ‘ವೆಂಟಿಲೇಟರ್ ಇಲ್ಲ’ ಎಂಬ ಕಾರಣಕ್ಕೆ ಎಎಸ್‌ವಿಯನ್ನೇ ಕೊಡದೆ, ಇಲ್ಲವೇ ಎರಡು ವಯಲ್ ಹಾಕಿದ ಶಾಸ್ತ್ರ ಮಾಡಿ ಕಳಿಸುವುದು. ವಿಷ ಅಂಗಾಂಶಕ್ಕೆ ಅಂಟಿಕೊಂಡ ಮೇಲೆ ಔಷಧ ಅಷ್ಟು ಸುಲಭವಾಗಿ ಬಿಡಿಸಲಾರದು. ದಾರಿಯಲ್ಲಿ ಕಳೆಯುವ ಎರಡು ಗಂಟೆಯೇ ಔಷಧಕ್ಕೆ ಬೆಲೆ ಇರುವ ಎರಡು ಗಂಟೆ. ಎರಡನೆಯದು ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ಒಣಗಿದ ಶುದ್ಧ ಗಾಜಿನ ಟ್ಯೂಬಿಗೆ 2 ಎಂ.ಎಲ್. ರಕ್ತ ಹಾಕಿ, 20 ನಿಮಿಷ ಮುಟ್ಟದೆ ಇಟ್ಟು, ಆಮೇಲೆ ಒಮ್ಮೆ ಬಾಗಿಸಿ ನೋಡುವುದು, ಅಷ್ಟೇ. ಹೆಪ್ಪುಗಟ್ಟಿಲ್ಲದಿದ್ದರೆ ವಿಷ ಏರಿದೆ ಎಂದರ್ಥ. ಲ್ಯಾಬ್ ಬಾಗಿಲು ಹಾಕಿದೆ, ಟೆಕ್ನಿಷಿಯನ್ ಇಲ್ಲ ಎಂಬ ನೆಪ ಇದಕ್ಕೆ ಸಲ್ಲದು. ಆದರೆ ಪ್ಲಾಸ್ಟಿಕ್ ಟ್ಯೂಬಿನಲ್ಲೋ ಸಿರಿಂಜಿನಲ್ಲೋ ಮಾಡಿದರೆ ಫಲಿತಾಂಶ ನಂಬುವಂತಿಲ್ಲ, ಸೋಪಿನ ಪುಡಿ ಹಾಕಿ ತೊಳೆದ ಟ್ಯೂಬಿನಲ್ಲಿ ಚೆನ್ನಾಗಿರುವ ರಕ್ತವೂ ಹೆಪ್ಪುಗಟ್ಟುವುದಿಲ್ಲ. ಐದು ನಿಮಿಷಕ್ಕೊಮ್ಮೆ ಅಲ್ಲಾಡಿಸಿ ನೋಡಿದರೂ ಪರೀಕ್ಷೆ ಕೆಟ್ಟಂತೆ. ಒಮ್ಮೆ ಸರಿ ಬಂತೆಂದು ಮನೆಗೆ ಕಳಿಸುವುದೂ ತಪ್ಪು. ಕಡಿತದ ಶಂಕೆ ಇರುವವರನ್ನು 24 ಗಂಟೆ ಇಟ್ಟುಕೊಂಡು, ಮತ್ತೆ ಮತ್ತೆ ಪರೀಕ್ಷಿಸಬೇಕು.

ಮೂರನೆಯದು ಕಟ್ಟುಹಾವು, ಎಲ್ಲಕ್ಕಿಂತ ಮೋಸಗಾರ. ನೆಲದ ಮೇಲೆ ಮಲಗಿದವರಿಗೆ ನಿದ್ದೆಯಲ್ಲಿ ಕಡಿಯುತ್ತದೆ, ಗಾಯ ಕಾಣುವುದಿಲ್ಲ, ಊತ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಅಂತ ಬರುತ್ತಾರೆ. ಗ್ಯಾಸ್ಟ್ರಿಕ್ ಇಂಜೆಕ್ಷನ್ ಹಾಕಿ ವಾಪಸ್ ಕಳಿಸಿದರೆ, ಮನೆ ಮುಟ್ಟುವ ಹೊತ್ತಿಗೆ ರೆಪ್ಪೆ ಜೋತುಬಿದ್ದಿರುತ್ತದೆ, ಗಂಟಲು ನುಂಗಲಾಗದ ಸ್ಥಿತಿಗೆ ಬಂದಿರುತ್ತದೆ. ರಾತ್ರಿ ನೆಲದ ಮೇಲೆ ಮಲಗಿದ್ದಿರಾ ಎಂದು ಕೇಳುವುದು, ಕಣ್ಣು ಪೂರ್ತಿ ತೆರೆಯಲು ಹೇಳುವುದು, ಒಂದೇ ಉಸಿರಿನಲ್ಲಿ ಎಷ್ಟು ಎಣಿಸಲಾಗುತ್ತದೆ ಎಂದು ನೋಡುವುದು: ಎರಡು ನಿಮಿಷದ ಕೆಲಸ. ಅದನ್ನು ಮಾಡಿ ಗಂಟೆ ಸಮೇತ ಬರೆದಿಟ್ಟಿದ್ದರೆ ಮುಂದಿನ ಆಸ್ಪತ್ರೆಯವರಿಗೆ ವಿಷ ಎಷ್ಟು ವೇಗದಲ್ಲಿ ಏರುತ್ತಿದೆ ಎಂದು ಗೊತ್ತಾಗುತ್ತದೆ.

ವೈದ್ಯರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ನಮ್ಮ ಅಡಿಕೆ ತೋಟ, ಕಾಫಿ ತೋಟಗಳಲ್ಲಿ ಕಡಿಯುವ ಪಿಟ್ ವೈಪರ್‌ಗಳಿಗೆ, ಅಂದರೆ ಹಸಿರು-ಕಂದು ಬಣ್ಣದ ಮಲಬಾರ್ ಪಿಟ್ ವೈಪರ್ ಮತ್ತು ಮೂತಿ ಮೇಲೆದ್ದ ಹಂಪ್‌ನೋಸ್ಡ್ ಪಿಟ್ ವೈಪರ್‌ಗೆ, ಈಗಿರುವ ಎಎಸ್‌ವಿ ಕೆಲಸ ಮಾಡುವುದಿಲ್ಲ. ಅಂಥಲ್ಲಿ ‘ಎಎಸ್‌ವಿ ಕೊಡಲೇ ಇಲ್ಲ’ ಎಂದು ಜಗಳ ತೆಗೆಯುವುದು ಅನ್ಯಾಯ. ಡಾಕ್ಟರು ಮಾಡಬೇಕಾದ್ದು ಇಷ್ಟೇ: ಯಾವ ಹಾವೆಂದು ಯಾವ ಆಧಾರದ ಮೇಲೆ ತೀರ್ಮಾನಿಸಿದೆ, ಯಾಕೆ ಕೊಡಲಿಲ್ಲ ಎಂದು ಕೇಸ್ ಶೀಟಿನಲ್ಲಿ ಬರೆಯುವುದು. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಹಾಗಾಗಿ ಬರೆಯುವುದು ಈಗ ಅವರವರ ಇಷ್ಟಕ್ಕೆ ಬಿಟ್ಟ ವಿಷಯವಾಗಿ ಉಳಿದಿಲ್ಲ.

ಎದೆನೋವಿನ ಲೆಕ್ಕ ಇನ್ನೂ ಬಿಗಿ. ಬಾಗಿಲಿಗೆ ಬಂದ 10 ನಿಮಿಷದೊಳಗೆ ಇಸಿಜಿ, ಹೃದಯಾಘಾತ ಖಚಿತವಾಗಿ ರಕ್ತನಾಳ ಪೂರ್ತಿ ಮುಚ್ಚಿದ್ದರೆ 30 ನಿಮಿಷದೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಇರುವುದೇ ಇದಕ್ಕೆ: ತಾಲ್ಲೂಕಿನಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡಿ ಹೇಳುತ್ತಾರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಅಲ್ಲೇ ಕೊಡಬಹುದು. ಇಸಿಜಿ ಕಾಗದದ ಮೇಲೆ ಯಂತ್ರವೇ ಸಮಯ ಮುದ್ರಿಸುತ್ತದೆ. ಯಂತ್ರದ ಗಡಿಯಾರ ಸರಿಯಿಲ್ಲದಿದ್ದರೆ ಆ ಸಾಕ್ಷಿಯೂ ಹೋದಂತೆ, ಆದ್ದರಿಂದ ಪೆನ್ನಿನಲ್ಲಿ ಪಕ್ಕಕ್ಕೆ ಗಂಟೆ ಬರೆಸಿ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಆಂಬುಲೆನ್ಸಿನ ಆಮ್ಲಜನಕದ ವಿಷಯ ಯಾರೂ ಕೇಳುವುದಿಲ್ಲ, ಕೇಳಲೇಬೇಕು. ವಾಹನದಲ್ಲಿರುವ ಬಿ-ಟೈಪ್ ಸಿಲಿಂಡರಿನಲ್ಲಿ ನೀರು ತುಂಬಿದರೆ ಹಿಡಿಯುವುದು ಸುಮಾರು 10 ಲೀಟರ್. ಗೇಜಿನ ಮುಳ್ಳು 150 ಬಾರ್ ತೋರಿಸಿದರೆ ಒಳಗಿರುವ ಆಮ್ಲಜನಕ ಸುಮಾರು 1,500 ಲೀಟರ್; ಅಂದರೆ ಮುಳ್ಳಿನ ಸಂಖ್ಯೆಯನ್ನು ಹತ್ತರಿಂದ ಗುಣಿಸಿದರಾಯಿತು. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿಗೆ ತುಂಬಿದ ಸಿಲಿಂಡರ್ 150 ನಿಮಿಷ ಬರುತ್ತದೆ. ಅರ್ಧ ಖಾಲಿಯಿದ್ದರೆ 75 ನಿಮಿಷ. ಸಾಗರದಿಂದ ಹೊರಟರೆ ಅದು ಆಯನೂರು ದಾಟುತ್ತಲೇ ಮುಗಿದುಹೋಗಬಹುದು. ಎರಡನೇ ಸಿಲಿಂಡರ್ ಇದೆಯೇ, ಅದನ್ನು ತೆರೆಯುವ ಕೀ ವಾಹನದಲ್ಲೇ ಇದೆಯೇ, ರೆಗ್ಯುಲೇಟರಿನ ವಾಷರ್ ಸರಿಯಿದ್ದು ಸೋರಿಕೆ ಇಲ್ಲವೇ ಎಂದು ಹೊರಡುವ ಮೊದಲೇ ನೋಡಬೇಕು. ಉಸಿರಾಟ ದುರ್ಬಲವಾಗಿರುವ ರೋಗಿಯ ಜೊತೆ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಒತ್ತಲು ಬರುವ ಸಿಬ್ಬಂದಿ ಇರಲೇಬೇಕು. ಡ್ರೈವರ್ ಒಬ್ಬನೇ ಇರುವ ವಾಹನದಲ್ಲಿ ಅಂಥ ರೋಗಿಯನ್ನು ಕಳಿಸುವುದನ್ನು ನಿರ್ಲಕ್ಷ್ಯ ಅನ್ನದೆ ಬೇರೇನು ಅನ್ನಬೇಕೋ ನನಗೆ ತಿಳಿಯದು.

ಇದು ನನ್ನ ಸ್ವಂತ ಆದರ್ಶವೇನಲ್ಲ. ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದ ಹಕೀಂ ಶೇಖ್ ಎಂಬ ಕೂಲಿ ಕಾರ್ಮಿಕನನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂದು ಸಾಗಹಾಕಿದ ಪ್ರಕರಣದಲ್ಲಿ, 1996ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನದ 21ನೇ ವಿಧಿಯ, ಅಂದರೆ ಬದುಕುವ ಹಕ್ಕಿನ, ಉಲ್ಲಂಘನೆ ಎಂದಿತು. ಸರ್ಕಾರ 25,000 ರೂಪಾಯಿ ಪರಿಹಾರ ಕೊಡಬೇಕಾಯಿತು. ಪ್ರಾಥಮಿಕ ಹಂತದಲ್ಲೇ ರೋಗಿಯ ಸ್ಥಿತಿ ಸ್ಥಿರಗೊಳಿಸುವ ವ್ಯವಸ್ಥೆ, ಎಲ್ಲಿ ಹಾಸಿಗೆ ಇದೆಯೆಂದು ತಿಳಿಯುವ ಸಂಪರ್ಕ ವ್ಯವಸ್ಥೆ, ಉಪಕರಣ ಮತ್ತು ಸಿಬ್ಬಂದಿ ಇರುವ ಆಂಬುಲೆನ್ಸ್ ಬೇಕೆಂದು ಆ ತೀರ್ಪಿನಲ್ಲೇ ಇದೆ. ಹಣವಿಲ್ಲ ಎಂಬುದು ಸರ್ಕಾರಕ್ಕೆ ನೆಪವಾಗದು ಎಂದೂ ಇದೆ.

ಆದರೆ ದೂರು ಕೊಡುವವರಿಗೆ ಕಾನೂನಿನ ದಾರಿ ಕಿರಿದು. ಎಲ್ಲರಿಗೂ ಉಚಿತ ಸೇವೆ ಕೊಡುವ ಸರ್ಕಾರಿ ಆಸ್ಪತ್ರೆಯ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗಲಾಗದು. 1995ರ ಶಾಂತಾ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಉಚಿತ ಸೇವೆಯನ್ನು ಹೊರಗಿಟ್ಟಿದೆ. ಪೊಲೀಸ್ ಕೇಸಿಗೆ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಘೋರ ನಿರ್ಲಕ್ಷ್ಯ ಇರಬೇಕು, ಅದಕ್ಕೆ ಬೇರೊಬ್ಬ ವೈದ್ಯರ ಅಭಿಪ್ರಾಯವೂ ಬೇಕು. ಆ ವೈದ್ಯರು ನೋಡುವುದು ಕಾಗದವನ್ನು. ಸಿಟ್ಟಿನಲ್ಲಿ ಸಿಬ್ಬಂದಿಯ ಮೇಲೆ ಕೈಮಾಡಿದರೆ 2009ರ ರಾಜ್ಯ ಕಾಯ್ದೆಯಡಿ ಜೈಲು ಸೇರುವವರು ನೀವು, ಮೂಲ ದೂರು ಅಲ್ಲಿಗೇ ಸಾಯುತ್ತದೆ.

ಹಾಗಾಗಿ ಕಾಗದ ಕೂಡಿಸಿ. ರೆಫರ್ ಚೀಟಿಯಲ್ಲಿ ಬಂದ ಗಂಟೆ, ನೋಡಿದ ಗಂಟೆ, ನಾಡಿ, ಬಿಪಿ, ಆಮ್ಲಜನಕ ಪ್ರಮಾಣ, ಪ್ರಜ್ಞೆ, ಶುಗರ್, ಕೊಟ್ಟ ಔಷಧ ಮತ್ತು ಗಂಟೆ, ರೆಫರ್ ಮಾಡಲು ಕಾರಣ, ಮುಂದಿನ ಆಸ್ಪತ್ರೆಯಲ್ಲಿ ಫೋನಿನಲ್ಲಿ ಯಾರ ಜೊತೆ ಮಾತಾಡಿದರು, ಡಾಕ್ಟರ ಹೆಸರು ಮತ್ತು ನೋಂದಣಿ ಸಂಖ್ಯೆ ಇರಲಿ ಎಂದು ವಿನಯದಿಂದಲೇ ಕೇಳಿ. ‘ಸರ್, ಅಲ್ಲಿ ಕೇಳ್ತಾರೆ, ಟೈಮ್ ಒಂದು ಹಾಕಿಕೊಡಿ’ ಅಂದರೆ ಬರೆಯದವರು ಕಡಿಮೆ. ಒಂದೇ ರಾತ್ರಿಯಲ್ಲಿ ಕ್ಯಾಶುಯಾಲ್ಟಿ, ಹೆರಿಗೆ ವಾರ್ಡು ಎರಡನ್ನೂ ಒಬ್ಬರೇ ನೋಡುವ ಡ್ಯೂಟಿ ಡಾಕ್ಟರಿಗೂ ಇದೇ ರಕ್ಷಣೆ: ತಜ್ಞರಿಗೆ ಇಷ್ಟು ಗಂಟೆಗೆ ಕಾಲ್ ಕೊಟ್ಟೆ, ಬರಲಿಲ್ಲ ಎಂದು ಅವರು ಬರೆದಿಟ್ಟರೆ ತಪ್ಪು ಯಾರದೋ ಅವರ ಮೇಲೆಯೇ ಹೋಗುತ್ತದೆ.

ದೂರಿನ ವಿಳಾಸದಲ್ಲೂ ಎಡವುತ್ತಾರೆ. ತಾಲ್ಲೂಕು ಆಸ್ಪತ್ರೆ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಗೆ ಸೇರಿದ್ದು. ಅಲ್ಲಿನ ಆಡಳಿತ ವೈದ್ಯಾಧಿಕಾರಿ, ಮೇಲೆ ಜಿಲ್ಲಾ ಆರೋಗ್ಯಾಧಿಕಾರಿ. ಶಿವಮೊಗ್ಗದ ಮೆಗ್ಗಾನ್ ಬೋಧನಾ ಜಿಲ್ಲಾ ಆಸ್ಪತ್ರೆ ಸಿಮ್ಸ್ ವೈದ್ಯಕೀಯ ಕಾಲೇಜಿಗೆ, ಅಂದರೆ ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದ್ದು. ಅಲ್ಲಿ ವೈದ್ಯಕೀಯ ಅಧೀಕ್ಷಕರು, ಮೇಲೆ ನಿರ್ದೇಶಕರು. ಎರಡು ಕಡೆಯದೂ ಸೇರಿಸಿ ಒಂದೇ ಅರ್ಜಿ ಬರೆದರೆ ಅದು ಎರಡು ಇಲಾಖೆಗಳ ನಡುವೆ ಓಡಾಡುತ್ತದೆ. ಬೇರೆ ಬೇರೆ ಬರೆದು, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ ರೋಗಿಯ ಕಡೆಯವರು ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ, ಅದನ್ನು ಉಳಿಸಿಡಿ ಎಂಬ ಪತ್ರ ಮೊದಲ ದಿನವೇ ಹೋಗಬೇಕು.

ಉಳಿದದ್ದು ಮಾಹಿತಿ ಹಕ್ಕಿನಲ್ಲಿ ಸಿಗುತ್ತದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ‘ಯಾಕೆ ನಿರ್ಲಕ್ಷ್ಯ ಮಾಡಿದಿರಿ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ಆ ದಿನದ ಡ್ಯೂಟಿ ಪಟ್ಟಿ ಮತ್ತು ಹಾಜರಾತಿಗೆ ಒಂದು ಅರ್ಜಿ, ಎಎಸ್‌ವಿ ದಾಸ್ತಾನು ಪುಸ್ತಕದ ಆ ವಾರದ ಪುಟಗಳಿಗೆ ಇನ್ನೊಂದು, ಆಂಬುಲೆನ್ಸಿನ ಲಾಗ್ ಪುಸ್ತಕಕ್ಕೆ ಮತ್ತೊಂದು. ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ಹಾಜರಿಯಲ್ಲಿ ಸಹಿ ಇದ್ದೂ ಕೇಸ್ ಶೀಟಿನಲ್ಲಿ ಕೈಬರಹ ಇಲ್ಲದಿದ್ದರೆ, ದಾಸ್ತಾನಿನಲ್ಲಿ ವಯಲ್ ಇದ್ದೂ ರೋಗಿಗೆ ಕೊಟ್ಟಿಲ್ಲದಿದ್ದರೆ, ಲೋಕಾಯುಕ್ತಕ್ಕೆ ದೂರು ಕೊಡಲು ಅದು ಗಟ್ಟಿ ಆಧಾರ.

ಸಾವು ಸಂಭವಿಸಿದ್ದರೆ, ಎಷ್ಟೇ ಸಂಕಟವಾದರೂ ಪೋಸ್ಟ್‌ಮಾರ್ಟಂ ಬೇಡ ಎಂದು ಸಹಿ ಹಾಕಿ ಹೆಣ ಒಯ್ಯಬೇಡಿ. ಹಾವು ಕಡಿತಕ್ಕೆ ರೈತ ಕುಟುಂಬಕ್ಕೆ ಸಿಗುವ ಪರಿಹಾರಕ್ಕೂ ಆ ವರದಿ ಬೇಕು, ನಿರ್ಲಕ್ಷ್ಯದ ದೂರಿಗೂ ಬೇಕು. ಸಂಸ್ಕಾರವಾದ ಮೇಲೆ ಅದನ್ನು ಯಾರೂ ಮಾಡಿಕೊಡಲಾರರು.