ಪೊಲೀಸರು ಬಾಗಿಲು ತೆಗೆಯುವ ಮುಂಚೆ ಏನಾಯಿತು?

ಅಮೆರಿಕದ ವಕೀಲರ ಆಫೀಸುಗಳಿಗೆ ಬೆಂಗಳೂರಿನಿಂದಲೇ ಕೇಸಿನ ಕಾಗದಪತ್ರ ಓದಿ, ವಿಂಗಡಿಸಿ, ಟೈಮ್‌ಲೈನ್ ಮಾಡಿಕೊಡುವುದು ನನ್ನ ಕೆಲಸ. ನಮ್ಮ ಕಡೆ ಇದನ್ನು ಎಲ್‌ಪಿಒ ಕೆಲಸ ಅನ್ನುತ್ತಾರೆ. ಬರುವುದರಲ್ಲಿ ಜಾಸ್ತಿ ಕಂಪನಿಗಳ ಕರಾರಿನ ಜಗಳ. ಪೊಲೀಸರ ಮೇಲೆ ಜನ ಹಾಕಿದ ಪರಿಹಾರದ ದಾವೆಗಳೂ ಆಗಾಗ ಬರುತ್ತವೆ. ವಾರಂಟ್ ಇಲ್ಲದೆ ಮನೆಗೆ ನುಗ್ಗಿ ಗುಂಡು ಹಾರಿಸಿದ ಕೇಸು ಬಂದಾಗ ಹೊಸಬರಿಗೆ ನಾನು ಮೊದಲು ಹೇಳುವುದು ಇಷ್ಟು: ಟೈಮ್‌ಲೈನನ್ನು ಗುಂಡಿನಿಂದ ಶುರು ಮಾಡಬೇಡಿ. ಆ ಮನೆಗೆ ಹೋಗೋಣ ಎಂದು ಪೊಲೀಸರು ಮಾತಾಡಿಕೊಂಡ ಹೊತ್ತಿನಿಂದ ಶುರು ಮಾಡಿ.

ಯಾಕೆಂದರೆ ಪೊಲೀಸರ ವರದಿ ಬಹುಪಾಲು ಕೊನೆಯ ಎರಡು ಸೆಕೆಂಡಿನ ಕಥೆ. ಕೈಯಲ್ಲಿ ಗನ್ ಇತ್ತು, ನಮ್ಮ ಕಡೆ ತಿರುಗಿತು, ಜೀವಭಯವಾಯಿತು, ಹಾರಿಸಿದೆವು. ಅಷ್ಟನ್ನೇ ಓದಿದರೆ ಯಾರಿಗಾದರೂ ಸರಿ ಅನ್ನಿಸುತ್ತದೆ, ಅಲ್ವಾ? ಸ್ಥಳದಲ್ಲಿದ್ದ ಪೊಲೀಸನ ಜಾಗದಲ್ಲಿ ನಿಂತು ನೋಡಬೇಕು, ಆಮೇಲೆ ಗೊತ್ತಾದದ್ದನ್ನು ಹಿಡಿದು ಅಳೆಯಬಾರದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲೇ ಗ್ರಹಾಂ ವರ್ಸಸ್ ಕಾನರ್ ಕೇಸಿನಲ್ಲಿ ಹೇಳಿದೆ. ಹಾಗಾಗಿ ಆ ಎರಡು ಸೆಕೆಂಡಿನ ಒಳಗೇ ವಾದ ನಡೆದರೆ ಗಾಯಗೊಂಡವನು ಗೆಲ್ಲುವುದು ಬಹಳ ಕಷ್ಟ.

ಇದು ಅರ್ಥವಾಗಲಿ ಎಂದು ಮೆಂಡೆಜ್ ಕೇಸಿನ ತೀರ್ಪುಗಳನ್ನು ಓದಲು ಕೊಡುತ್ತೇನೆ. 2010ರ ಅಕ್ಟೋಬರ್, ಲಾಸ್ ಏಂಜಲೀಸ್ ಕೌಂಟಿಯ ಲಾಂಕಾಸ್ಟರ್. ಪೆರೋಲ್ ಮೇಲೆ ಹೊರಬಂದು ತಲೆಮರೆಸಿಕೊಂಡಿದ್ದ ಒಬ್ಬನನ್ನು ಶೆರಿಫ್ ಇಲಾಖೆಯವರು, ಅಂದರೆ ಕೌಂಟಿಯ ಪೊಲೀಸರು, ಹುಡುಕುತ್ತಿದ್ದರು. ಅವನಂತೆ ಕಾಣುವವನೊಬ್ಬ ಒಂದು ಮನೆಯ ಮುಂದೆ ಸೈಕಲ್ ಮೇಲಿದ್ದ ಎಂದು ಬಾತ್ಮೀದಾರ ಹೇಳಿದ. ಹೊರಡುವ ಮುಂಚೆ ನಡೆದ ಮೀಟಿಂಗಿನಲ್ಲಿ ಇನ್ನೊಂದು ವಿಷಯವೂ ಬಂತು. ಆ ಮನೆಯ ಹಿತ್ತಲಲ್ಲಿ ಮೆಂಡೆಜ್ ಎಂಬಾತ ತನ್ನ ಗರ್ಭಿಣಿ ಸಂಗಾತಿಯ ಜೊತೆ ವಾಸವಾಗಿದ್ದಾನೆ ಎಂದು. ಹಿತ್ತಲಿಗೆ ಹೋದದ್ದು ಇಬ್ಬರು. ಮೀಟಿಂಗಿನ ಆ ಮಾತು ಒಬ್ಬರಿಗೆ ನೆನಪಿತ್ತು. ತನಗೆ ನೆನಪಿಲ್ಲ ಎಂದು ಇನ್ನೊಬ್ಬರು ಸಾಕ್ಷಿ ನುಡಿದರು.

ಹಿತ್ತಲಲ್ಲಿ ಇದ್ದದ್ದು ಏಳಡಿ ಉದ್ದ, ಏಳಡಿ ಅಗಲ, ಏಳಡಿ ಎತ್ತರದ ಮರದ ಶೆಡ್. ಮೇಲೆ ನೀಲಿ ಟಾರ್ಪಾಲು. ಒಳಕ್ಕೆ ಎಳೆದ ಕರೆಂಟಿನ ವೈರು, ಒಂದು ಎಸಿ. ಯಾರೋ ಇಲ್ಲಿ ಬದುಕುತ್ತಿದ್ದಾರೆ ಎಂದು ಹೇಳಲು ಇಷ್ಟು ಸಾಲದೇ? ವಾರಂಟ್ ಇರಲಿಲ್ಲ. ಇಬ್ಬರೂ ಗನ್ ಹಿಡಿದೇ ಬಂದಿದ್ದರು. ಬಾಗಿಲು ತಟ್ಟಲಿಲ್ಲ, ಪೊಲೀಸರು ಬಂದಿದ್ದೇವೆ ಎಂದು ಕೂಗಲಿಲ್ಲ. ಬಾಗಿಲು ತೆಗೆದು, ಪರದೆಯಂತೆ ಇಳಿಬಿಟ್ಟಿದ್ದ ಕಂಬಳಿ ಸರಿಸಿದರು. ಒಳಗೆ ಇಬ್ಬರೂ ಮಲಗಿದ್ದರು. ಮನೆಯೊಡತಿ ಬಂದಿರಬೇಕು ಎಂದುಕೊಂಡ ಮೆಂಡೆಜ್ ಏಳಲು ಹೋದ. ಇಲಿ ಹೊಡೆಯಲು ಇಟ್ಟುಕೊಂಡಿದ್ದ ಬಿಬಿ ಗನ್ನನ್ನು (ಸಣ್ಣ ಗೋಲಿ ಹಾರಿಸುವ ಏರ್ ಗನ್) ಎತ್ತಿ ನೆಲಕ್ಕಿಡಲು ನೋಡಿದ. "ಗನ್!" ಎಂಬ ಕೂಗು. 15 ಗುಂಡು. ಇಬ್ಬರಿಗೂ ಗುಂಡು ತಗುಲಿತು, ಇಬ್ಬರೂ ಬದುಕಿದರು. ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಹುಡುಕಿಕೊಂಡು ಬಂದವನು ಅಲ್ಲಿ ಇರಲೇ ಇಲ್ಲ.

ವಿಚಾರಣಾ ಕೋರ್ಟ್ ಹೇಳಿದ್ದು ನೋಡಿ. ವಾರಂಟ್ ಇಲ್ಲದೆ ಹೊಕ್ಕಿದ್ದಕ್ಕೆ ಹೆಸರಿಗೆ ಒಂದು ಡಾಲರ್ ಪರಿಹಾರ. ಬಾಗಿಲು ತಟ್ಟದೆ ಹೋದದ್ದಕ್ಕೆ ಇನ್ನೊಂದು ಡಾಲರ್. ಗುಂಡು ಹಾರಿಸಿದ್ದು ಆ ಕ್ಷಣದ ಮಟ್ಟಿಗೆ ಸರಿಯೇ. ಆದರೆ ಆ ಪರಿಸ್ಥಿತಿಯನ್ನು ಕೆಣಕಿ ತಂದವರು ಪೊಲೀಸರೇ ಆದ್ದರಿಂದ ಸುಮಾರು 40 ಲಕ್ಷ ಡಾಲರ್ ಪರಿಹಾರ ಕೊಡಬೇಕು. 2017ರಲ್ಲಿ ಸುಪ್ರೀಂ ಕೋರ್ಟ್ ಈ ಕೆಣಕಿದ ವಾದವನ್ನು ತಳ್ಳಿಹಾಕಿತು. ಒಳಗೆ ಹೊಕ್ಕಿದ್ದೇ ಬೇರೆ, ಗುಂಡು ಹಾರಿಸಿದ್ದೇ ಬೇರೆ, ಎರಡನ್ನೂ ಕಲಸಬೇಡಿ ಎಂದಿತು. ಆದರೆ ಒಂದು ದಾರಿ ಬಿಟ್ಟಿತು. ಕಾನೂನು ಮೀರಿ ಹೊಕ್ಕಿದ್ದರಿಂದಲೇ ಈ ಗಾಯ ಆಯಿತೇ, ಅದನ್ನು ನೋಡಿ ಎಂದು ಕೇಸನ್ನು ವಾಪಸ್ ಕಳಿಸಿತು. 2018ರಲ್ಲಿ ಒಂಬತ್ತನೇ ಸರ್ಕ್ಯೂಟ್ ಕೋರ್ಟ್, ಅಂದರೆ ಸುಪ್ರೀಂ ಕೋರ್ಟಿನ ಕೆಳಗಿನ ಮೇಲ್ಮನವಿ ಕೋರ್ಟ್, ಹೌದು ಎಂದಿತು. ಪರಿಹಾರ ಉಳಿಯಿತು.

ಉಳಿದದ್ದು ಯಾವುದರಿಂದ? ಮೀಟಿಂಗಿನ ಆ ಒಂದು ಮಾತು, ಆ ವೈರು, ಆ ಎಸಿ, ತಟ್ಟದ ಬಾಗಿಲು. ಇವೆಲ್ಲ ಗುಂಡಿಗಿಂತ ಮುಂಚಿನವು. ಟೈಮ್‌ಲೈನ್ ಗುಂಡಿನಿಂದ ಶುರುವಾಗಿದ್ದರೆ ಇದರಲ್ಲಿ ಒಂದೂ ಅದರೊಳಗೆ ಬರುತ್ತಿರಲಿಲ್ಲ.

ಈಗಿನ ಕೇಸುಗಳಲ್ಲಿ ಪೊಲೀಸರ ಎದೆಯ ಮೇಲಿನ ಕ್ಯಾಮೆರಾದ ವಿಡಿಯೊ ಬರುತ್ತದೆ. ಅದು ಬಂದ ಕೂಡಲೇ ಎಲ್ಲ ಗೊತ್ತಾಯಿತು ಎಂದು ಕೂರುವಂತಿಲ್ಲ. ಆಕ್ಸನ್ ಕಂಪನಿಯ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಬಟನ್ ಒತ್ತುವ ಮುಂಚಿನ 30 ಸೆಕೆಂಡಿನ ಚಿತ್ರ ಉಳಿಯುತ್ತದೆ, ಸದ್ದು ಉಳಿಯುವುದಿಲ್ಲ. ಬಾಗಿಲು ತಟ್ಟಿದರೇ, ಪೊಲೀಸರು ಎಂದು ಹೇಳಿದರೇ ಎಂಬ ಪ್ರಶ್ನೆ ಆ ಮೂಕ ಚಿತ್ರದಲ್ಲೇ ಸಿಕ್ಕಿಕೊಂಡಿರಬಹುದು. ಆಗ ಕೈ ನೋಡಬೇಕು, ತುಟಿ ನೋಡಬೇಕು, ಜೊತೆಗಿದ್ದವರ ಕ್ಯಾಮೆರಾ ಮೊದಲೇ ಆನ್ ಆಗಿತ್ತೇ ನೋಡಬೇಕು. ವಿಡಿಯೊ ಮೂಲೆಯ ಸಮಯದ ಕೊನೆಗೆ ಝಡ್ ಅಕ್ಷರ ಇದ್ದರೆ ಅದು ಗ್ರೀನಿಚ್ ಸಮಯ. ಕಂಟ್ರೋಲ್ ರೂಮಿನ ಲಾಗ್ ಸಾಮಾನ್ಯವಾಗಿ ಸ್ಥಳೀಯ ಸಮಯದಲ್ಲಿರುತ್ತದೆ. ಎರಡನ್ನೂ ಹೊಂದಿಸದೆ ಮುಂದಿನ ಸಾಲು ಬರೆಯಬೇಡಿ.

ಈಚಿನ ವರ್ಷಗಳಲ್ಲಿ ಈ ಕೆಲಸಕ್ಕೆ ಬಲ ಬಂದದ್ದು 2025ರ ಮೇ 15ರಂದು, ಅಮೆರಿಕದ ಸುಪ್ರೀಂ ಕೋರ್ಟಿನ ಬಾರ್ನ್ಸ್ ವರ್ಸಸ್ ಫೀಲಿಕ್ಸ್ ತೀರ್ಪಿನಿಂದ. ಅದು ಮನೆಯದ್ದಲ್ಲ, ಪೊಲೀಸರು ಕಾರು ತಡೆದಾಗ ಗುಂಡಿಗೆ ಆದ ಸಾವಿನ ಕೇಸು. ಅಪಾಯದ ಆ ಕ್ಷಣವನ್ನು ಮಾತ್ರ ನೋಡುವ ಪದ್ಧತಿ ಸರಿಯಲ್ಲ, ಮುಂಚಿನದ್ದನ್ನೂ ಸೇರಿಸಿ ನೋಡಬೇಕು ಎಂದು ಎಲ್ಲ ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದರು. ಅಪಾಯವನ್ನು ಪೊಲೀಸರೇ ತಂದುಕೊಂಡಿದ್ದರೆ ಏನು ಎಂಬುದನ್ನು ಮಾತ್ರ ತೀರ್ಮಾನಿಸಲಿಲ್ಲ. ನನ್ನ ಪ್ರಕಾರ ಅದೇ ಮುಖ್ಯ ಪ್ರಶ್ನೆ.

ನಮ್ಮಲ್ಲಿ ವಕೀಲಿಕೆ ಮಾಡುವ ಗೆಳೆಯರಿಗೂ ಇದನ್ನೇ ಹೇಳುತ್ತಿರುತ್ತೇನೆ. ನಮ್ಮ ಕಾನೂನಿನಲ್ಲೂ ಗುಂಡಿಗಿಂತ ಮುಂಚಿನ ದಾಖಲೆಗಳಿಗೆ ಜಾಗವಿದೆ. ಮಫ್ತಿಯಲ್ಲಿ ನುಗ್ಗಿದವರು ಪೊಲೀಸರೆಂದು ಗೊತ್ತಿಲ್ಲದ, ಗೊತ್ತಾಗಲು ಕಾರಣವೂ ಇಲ್ಲದ ಮನೆಯವನ ಆತ್ಮರಕ್ಷಣೆಯ ಹಕ್ಕು ಅವರು ಪೊಲೀಸರು ಎಂಬ ಕಾರಣಕ್ಕೆ ಹೋಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಂ ಓದಿ. ಎನ್‌ಕೌಂಟರಿನಲ್ಲಿ ಸಾವಾದರೆ ಎಫ್‌ಐಆರ್ ಆಗಬೇಕು, ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯವರು ಮಾಡಬೇಕು ಎಂದು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಇನ್ನು ವಾರಂಟ್ ಇಲ್ಲದ ಶೋಧ. 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಂ ಪ್ರಕಾರ ತನಿಖಾಧಿಕಾರಿ ಯಾಕೆ ಹೋಗುತ್ತಿದ್ದೇನೆ ಎಂದು ಮುಂಚೆಯೇ ಬರೆದಿಡಬೇಕು. ಶೋಧದ ವಿಡಿಯೊ ಮಾಡಬೇಕು. ಬರೆದದ್ದರ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮನೆಯವರು ಅರ್ಜಿ ಕೊಟ್ಟರೆ ಆ ಪ್ರತಿ ಪುಕ್ಕಟೆ ಸಿಗುತ್ತದೆ. ಇಂಥ ಕೇಸು ಕೈಗೆ ಬಂದ ದಿನವೇ ಆ ಅರ್ಜಿ ಹಾಕಿಸಿ.